ಅನಿಲವಿಲ್ಲದ ತಂಪು ಪೆಟ್ಟಿಗೆ: ಕೊಳ್ಳುವ ಮುನ್ನ ತಿಳಿದಿರಬೇಕಾದ್ದು

ಕಂಪ್ರೆಸರ್ ಇಲ್ಲದ, ಅನಿಲ ತುಂಬಿಸಬೇಕಿಲ್ಲದ ಪುಟ್ಟ ತಂಪು ಪೆಟ್ಟಿಗೆಗಳು ಈಗ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತಿವೆ. ಜೀಪಿನ ಬ್ಯಾಟರಿಯಿಂದಲೂ ಇವು ನಡೆಯುತ್ತವೆ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ನಮ್ಮ ತೋಟದ ಮನೆಗಳಿಗೆ ಹೇಳಿ ಮಾಡಿಸಿದಂತಿವೆ ಎಂದು ಅನ್ನಿಸುವುದು ಸಹಜ. ಆದರೆ ದನಕರುಗಳ ಲಸಿಕೆಯನ್ನೋ ಮನೆಯ ಹಿರಿಯರ ಇನ್ಸುಲಿನ್ನನ್ನೋ ಇದರೊಳಗೆ ಇಡುವ ಮೊದಲು ಇದರ ಗುಣವನ್ನೂ ಮಿತಿಯನ್ನೂ ಸದಸ್ಯ ಬಾಂಧವರು ಅರಿತಿರಬೇಕೆಂದು ನಾವು ಇದನ್ನು ಬರೆಯುತ್ತಿದ್ದೇವೆ.

ತತ್ವ ಹಳೆಯದು

ಎರಡು ಬೇರೆ ಬೇರೆ ಲೋಹಗಳ ತುದಿಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕಾಯಿಸಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು 1821ರಲ್ಲಿ ಜರ್ಮನಿಯ ಸೀಬೆಕ್ ಕಂಡರು. ಶಾಖದ ವ್ಯತ್ಯಾಸದಿಂದ ವಿದ್ಯುತ್ ಹರಿಯುವುದೇ ಇದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಒಣಗಿಸುವ ಯಂತ್ರಗಳಲ್ಲಿ ಶಾಖ ಅಳೆಯುವ ಥರ್ಮೊಕಪಲ್ ತಂತಿ ಇದೇ ತತ್ವದ್ದು.

1834ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಇದರ ತಿರುಗುಮುರುಗನ್ನು ಕಂಡರು. ಇವರು ಮೊದಲು ಗಡಿಯಾರದ ಕಸುಬಿನವರು. ಬೆಸುಗೆಯ ಮೂಲಕ ವಿದ್ಯುತ್ ಹರಿಸಿದರೆ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು! 1838ರಲ್ಲಿ ರಷ್ಯದ ಲೆಂಜ್ ಇಂಥ ಬೆಸುಗೆಯ ಮೇಲೆ ನೀರಿನ ಹನಿಯನ್ನು ಹೆಪ್ಪುಗಟ್ಟಿಸಿ, ವಿದ್ಯುತ್ತಿನ ದಿಕ್ಕು ಬದಲಿಸಿ ಅದನ್ನೇ ಕರಗಿಸಿ ತೋರಿಸಿದರು. ಆದರೂ ಲೋಹಗಳಿಂದ ಸಿಗುವ ತಂಪು ಅತ್ಯಲ್ಪ. 1950ರ ದಶಕದಲ್ಲಿ ಬಿಸ್ಮತ್ ಟೆಲ್ಯೂರೈಡ್ ಎಂಬ ಅರೆವಾಹಕ ಬಳಕೆಗೆ ಬಂದ ಮೇಲೆಯೇ ಇದು ಉಪಯೋಗಕ್ಕೆ ಒದಗಿತು.

ಒಳಗಿರುವುದೇನು?

ಪೆಟ್ಟಿಗೆಯ ಜೀವಾಳ ಸುಮಾರು 4 ಸೆಂ.ಮೀ. ಚೌಕದ ಒಂದು ಬಿಲ್ಲೆ. ಪಿಂಗಾಣಿಯಂಥ ಎರಡು ತೆಳು ಹಲಗೆಗಳ ನಡುವೆ ಅರೆವಾಹಕದ ತುಣುಕುಗಳನ್ನು ಜೋಡಿಸಿರುತ್ತಾರೆ. ಸಾಮಾನ್ಯವಾಗಿ 127 ಜೋಡಿ. ವಿದ್ಯುತ್ ಹರಿದಾಗ ಅದರ ವಾಹಕ ಕಣಗಳು ಒಂದು ಮುಖದ ಶಾಖವನ್ನು ಹೊತ್ತು ಇನ್ನೊಂದು ಮುಖಕ್ಕೆ ಇಳಿಸುತ್ತವೆ, ಆಳುಗಳು ಅಡಿಕೆ ಗೊನೆ ಹೊತ್ತು ಅಂಗಳಕ್ಕೆ ಹಾಕಿದಂತೆ. ಅಂಗಳ ತೆರವಾಗದಿದ್ದರೆ ಕೆಲಸ ನಿಲ್ಲುತ್ತದಷ್ಟೆ? ಇಲ್ಲಿಯೂ ಬಿಸಿ ಮುಖದ ಶಾಖ ಹೊರಹೋಗಲೇಬೇಕು. ಅದಕ್ಕಾಗಿಯೇ ಅಲ್ಯೂಮಿನಿಯಂ ರೆಕ್ಕೆಗಳು ಮತ್ತು ಫ್ಯಾನು. ಫ್ಯಾನಿಗೆ ಧೂಳು, ಜೇಡರ ಬಲೆ ಕಟ್ಟಿದರೆ ತಂಪು ಕುಂದಿ ಬಿಲ್ಲೆಯೇ ಸುಟ್ಟೀತು.

ಮಿತಿ ಎಲ್ಲಿದೆ?

ಬಿಸಿ ಮುಖಕ್ಕೂ ತಂಪು ಮುಖಕ್ಕೂ ಕೆಲವೇ ಮಿಲಿಮೀಟರ್ ಅಂತರ. ಆದ್ದರಿಂದ ಸಾಗಿಸಿದ ಶಾಖದ ಒಂದು ಪಾಲು ಹಿಂದಕ್ಕೇ ಸೋರುತ್ತದೆ. ಸಾಧಾರಣ ಪೆಟ್ಟಿಗೆ ಹೊರಗಿನ ಹವೆಗಿಂತ 15ರಿಂದ 20 ಡಿಗ್ರಿ ಮಾತ್ರ ತಂಪಾದೀತು. ಬೇಸಿಗೆಯಲ್ಲಿ ಹೊರಗೆ 35 ಡಿಗ್ರಿ ಇದ್ದರೆ ಒಳಗೆ 15ರಿಂದ 20. ಕಾಲುಬಾಯಿ ಜ್ವರದ ಲಸಿಕೆಗೆ, ತೆರೆಯದ ಇನ್ಸುಲಿನ್ನಿಗೆ ಬೇಕಾದದ್ದು 2ರಿಂದ 8 ಡಿಗ್ರಿ. ಚಳಿಗಾಲದ ರಾತ್ರಿ ಇದಕ್ಕೆ ವಿರುದ್ಧದ ಅಪಾಯ: ಥರ್ಮೊಸ್ಟಾಟ್ ಇಲ್ಲದ ಪೆಟ್ಟಿಗೆ ಸೊನ್ನೆಯ ಹತ್ತಿರಕ್ಕೆ ಇಳಿದೀತು. ಹೆಪ್ಪುಗಟ್ಟಿದ ಲಸಿಕೆ, ಇನ್ಸುಲಿನ್ ಎರಡೂ ಕೆಟ್ಟಂತೆಯೇ. ಹೀಗೆ ಕೆಟ್ಟದ್ದು ಕಣ್ಣಿಗೆ ಕಾಣದಿರಲೂಬಹುದು.

ಖರ್ಚನ್ನೂ ಲೆಕ್ಕ ಹಾಕೋಣ. 50 ವ್ಯಾಟಿನ ಪೆಟ್ಟಿಗೆ ಹಗಲಿರುಳು ನಡೆದರೆ ದಿನಕ್ಕೆ 1.2 ಯೂನಿಟ್. ಇದರ ಹಲವು ಪಟ್ಟು ದೊಡ್ಡದಾದ ಮನೆಯ ಸಣ್ಣ ಫ್ರಿಜ್ಜಿಗೆ ಅರ್ಧ ಯೂನಿಟ್ಟಿನ ಆಸುಪಾಸು ಸಾಕು. ಇಂಜಿನ್ ನಿಲ್ಲಿಸಿದ ಜೀಪಿನಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಜೀಪು ತಳ್ಳಬೇಕಾದೀತು.

ಇದರ ನಿಜವಾದ ಜಾಗ

ಹಾಗಾದರೆ ಇದು ಬರೀ ಆಟಿಕೆಯೇ? ಅಲ್ಲ. ತಂಪಾಗಬೇಕಾದ ವಸ್ತು ಚಿಕ್ಕದಿದ್ದು, ಶಾಖ ಅಳತೆಗೆ ಸರಿಯಾಗಿ ನಿಲ್ಲಬೇಕಾದಲ್ಲಿ ಇದಕ್ಕೆ ಸಾಟಿಯಿಲ್ಲ. ದೂರವಾಣಿಯ ಗಾಜಿನ ಎಳೆಗಳಿಗೆ ಬೆಳಕು ಕಳಿಸುವ ಲೇಸರುಗಳನ್ನು, ಖಗೋಳ ವೀಕ್ಷಣೆಯ ಕ್ಯಾಮೆರಾಗಳನ್ನು ಇದೇ ಬಿಲ್ಲೆ ತಂಪಾಗಿಡುತ್ತದೆ. 2020ರ ಕೋವಿಡ್ ಕಾಲದಲ್ಲಿ ಗಂಟಲ ದ್ರವ ಪರೀಕ್ಷಿಸಿದ ಪಿಸಿಆರ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದೂ ಇದೇ. ಲೆಂಜ್ ಮಾಡಿದಂತೆ ವಿದ್ಯುತ್ತಿನ ದಿಕ್ಕು ಬದಲಿಸಿ ಮಾದರಿಯನ್ನು ಸರಸರನೆ ಕಾಯಿಸಿ ತಣಿಸುತ್ತಾರೆ.

ನಮ್ಮ ಸಲಹೆ ಇಷ್ಟು: ಪ್ರಯಾಣದಲ್ಲಿ ಹಣ್ಣು, ತರಕಾರಿ, ಪಾನೀಯಕ್ಕೆ ಈ ಪೆಟ್ಟಿಗೆ ಸಾಕು. ಔಷಧಿಗೆ ಫ್ರಿಜ್ಜೇ ಇರಲಿ. ಲಸಿಕೆಯನ್ನು ಪಶುವೈದ್ಯರು ಹೇಳಿದ ಕ್ರಮದಲ್ಲಿ ಐಸ್ ಪೆಟ್ಟಿಗೆಯಲ್ಲೇ ತನ್ನಿರಿ. ಕೊಳ್ಳುವಾಗ "ಎಷ್ಟು ತಂಪಾಗುತ್ತದೆ?" ಎಂದು ಕೇಳಬೇಡಿರಿ, "ಹೊರಗಿನ ಹವೆಗಿಂತ ಎಷ್ಟು ಡಿಗ್ರಿ ಕಡಿಮೆ?" ಎಂದು ಕೇಳಿರಿ. ಉತ್ತರ ಸಿಕ್ಕ ಮೇಲೆಯೇ ಹಣ ಎಣಿಸಿರಿ.