ನಿಲ್ದಾಣವೂ ಸ್ಟೇಷನ್ನೂ

ಬೆಂಗಳೂರಿನ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೋ ರೈಲು ಮಾರ್ಗವು 2025ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ತೆರೆಯಿತು. ಕೂಡ್ಲು ಗೇಟನ್ನು ದಾಟಿದ ರೈಲು ಸಿಂಗಸಂದ್ರವನ್ನು ಸಮೀಪಿಸುವಾಗ ಆ ಊರಿನ ಹೆಸರು ಒಮ್ಮೆ ‘ನಿಲ್ದಾಣ’ವೆಂಬ ಮಾತಿನೊಡನೆಯೂ ಇನ್ನೊಮ್ಮೆ ‘ಸ್ಟೇಷನ್’ ಎಂಬ ಮಾತಿನೊಡನೆಯೂ ನಮ್ಮ ಕಿವಿಗೆ ಬೀಳುತ್ತದೆ. ಮೊದಲನೆಯದು ನಮ್ಮದು, ಎರಡನೆಯದು ಪರರದು ಎಂದು ಎಣಿಸುವುದು ವಾಡಿಕೆ. ಈ ಎಣಿಕೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಮಾಡೋಣ.

‘ಸ್ಟೇಷನ್’ ಎಂಬುದು ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದ ಲ್ಯಾಟಿನ್ ಶಬ್ದ. ಲ್ಯಾಟಿನ್ನಿನಲ್ಲಿ ‘ಸ್ತಾರೆ’ ಎಂದರೆ ನಿಲ್ಲುವುದು. ಅದರಿಂದ ಹುಟ್ಟಿದ ‘ಸ್ತಾತಿಯೋ’ ಎಂಬುದಕ್ಕೆ ನಿಲುವು, ನಿಲ್ಲುವ ಎಡೆ, ಕಾವಲಿನ ನೆಲೆ ಎಂಬ ಅರ್ಥಗಳಿದ್ದವು. 19ನೆಯ ಶತಮಾನದಲ್ಲಿ ಉಗಿಬಂಡಿಗಳು ಓಡತೊಡಗಿದ ಮೇಲೆ ಅವು ನಿಲ್ಲುವ ಎಡೆಗೂ ಅದೇ ಹೆಸರು ಸಂದಿತು.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದರು. ಆ ಮೂಲಭಾಷೆಯ ಒಂದು ಬರಹವೂ ಉಳಿದಿಲ್ಲ. ಮೊಮ್ಮಕ್ಕಳ ಮುಖಗಳನ್ನು ನೋಡಿ ಅಜ್ಜಿಯ ಚಹರೆಯನ್ನು ಊಹಿಸುವಂತೆ, ಭಾಷಾಶಾಸ್ತ್ರಜ್ಞರು ‘ಸ್ತಾ’ ಎಂಬುದನ್ನು ಹೋಲುವ, ‘ನಿಲ್ಲು’ ಎಂಬರ್ಥದ ಧಾತುವೊಂದನ್ನು ಅದರಲ್ಲಿ ಕಲ್ಪಿಸಿದ್ದಾರೆ. ಸಂಸ್ಕೃತದ ‘ಸ್ಥಾನ’, ಪಾರಸಿಯ ‘ಸ್ತಾನ್’, ಇಂಗ್ಲಿಷಿನ ‘ಸ್ಟ್ಯಾಂಡ್’ ಇವೆಲ್ಲವೂ ಅದರ ಸಂತಾನವೇ.

ಇನ್ನು ನಮ್ಮ ‘ನಿಲ್ದಾಣ’ವನ್ನು ಬಿಡಿಸಿ ನೋಡೋಣ. ಅದು ‘ನಿಲ್’ ಮತ್ತು ‘ತಾಣ’ ಎಂಬ ಎರಡು ಪದಗಳು ಕೂಡಿ ಆದದ್ದು. ಸಂಧಿಯಲ್ಲಿ ತಕಾರವು ದಕಾರವಾಗಿದೆ. ‘ತಾಣ’ವು ‘ಸ್ಥಾನ’ದ ತದ್ಭವವಾದುದರಿಂದ ‘ಸ್ಟೇಷನ್’ ಅದಕ್ಕೆ ದೂರದ ದಾಯಾದಿ. ಪೊಲೀಸರ ‘ಠಾಣೆ’ಯೂ ಇದೇ ಕುಲಕ್ಕೆ ಸೇರಿದುದು.

ಆದರೆ ‘ನಿಲ್’ ಎಂಬುದಕ್ಕೆ ಈ ಕುಲದ ನಂಟಿಲ್ಲ. ತಮಿಳಿನ ‘ನಿಲ್’, ತೆಲುಗಿನ ‘ನಿಲುಚು’ ಇವು ಅದರ ಒಡಹುಟ್ಟಿದವು. ದ್ರಾವಿಡ ಭಾಷೆಗಳದು ಬೇರೆಯೇ ಮನೆತನವೆಂಬುದನ್ನು ಎಲ್ಲಿಸರು 1816ರಲ್ಲಿ ಸೂಚಿಸಿದರು. ಕಾಲ್ಡ್‌ವೆಲ್ಲರು 1856ರಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಎರಡು ಶಬ್ದಗಳಿಗೆ ಅರ್ಥವೊಂದೇ ಆದ ಮಾತ್ರಕ್ಕೆ ರಕ್ತಸಂಬಂಧವು ಸಿದ್ಧಿಸುವುದಿಲ್ಲ. ಧ್ವನಿಗಳೂ ಪದಪದದಲ್ಲಿ ನಿಯಮವಾಗಿ ಹೊಂದಬೇಕು.

ಹಾಗಾದರೆ ‘ನಿಲ್ದಾಣ’ವು ನಮ್ಮದಲ್ಲವೆ? ನಿಸ್ಸಂದೇಹವಾಗಿ ನಮ್ಮದು. ಕನ್ನಡ ಪದವು ಸಂಸ್ಕೃತದ ತತ್ಸಮದೊಡನೆ ಕೂಡಿದರೆ ಅದನ್ನು ಅರಿಸಮಾಸವೆಂದು ನಮ್ಮ ವೈಯಾಕರಣರು ದೂಷಿಸಿದರು. ತದ್ಭವದೊಡನೆ ಕೂಡಿದರೆ ದೋಷವೆಣಿಸಲಿಲ್ಲ. ಹೊರಗಿನಿಂದ ಬಂದರೂ ನಮ್ಮ ನಾಲಗೆಯಲ್ಲಿ ಪಳಗಿದ ಶಬ್ದವು ಮನೆಯದೇ ಎಂಬುದು ಅವರ ನಿರ್ಣಯ. ಸಿಂಗಸಂದ್ರದಲ್ಲಿ ಇಳಿಯುವವರು ಕಿವಿಗೊಟ್ಟರೆ, ಆ ಒಂದು ಮಾತಿನಲ್ಲಿ ಎರಡು ಮನೆತನಗಳು ಜಗಳವಿಲ್ಲದೆ ನಿಂತಿರುವುದನ್ನು ಕಾಣಬಹುದು.