ಕುರಿಯ ಹೊಟ್ಟೆಯೊಳಗಿನ ಪಂಚಾಂಗ

ಪ್ರಶ್ನೆ: ಹಿಂದೆ ಕುರಿಯ ಕರುಳು ನೋಡಿ ಭವಿಷ್ಯ ಹೇಳುತ್ತಿದ್ದರಂತೆ. ಅದರಲ್ಲಿ ನೋಡಲು ಏನಿರುತ್ತಿತ್ತು?

ಉತ್ತರ: ಕರುಳಿನ ಸುರುಳಿಗಳನ್ನೂ ಎಣಿಸುತ್ತಿದ್ದರು, ಆದರೆ ಮುಖ್ಯವಾಗಿ ನೋಡುತ್ತಿದ್ದುದು ಯಕೃತ್ತನ್ನು. ಬ್ಯಾಬಿಲೋನಿನ ಪುರೋಹಿತ ಸೂರ್ಯದೇವ ಶಮಾಶನ ಮುಂದೆ ಪ್ರಶ್ನೆ ಇಟ್ಟು ಕುರಿ ಬಲಿ ಕೊಡಿಸುತ್ತಿದ್ದ. ದೇವರು ಉತ್ತರವನ್ನು ಯಕೃತ್ತಿನ ಮೇಲೆ ಬರೆದಿರುತ್ತಾನೆಂಬ ನಂಬಿಕೆ. ಗೀರು, ತೂತು, ಪಿತ್ತಕೋಶದ ಆಕಾರ ಎಲ್ಲಕ್ಕೂ ಅರ್ಥವಿತ್ತು. ಬಲಭಾಗ ನಮ್ಮದು, ಎಡಭಾಗ ಶತ್ರುವಿನದು. ಹಾಗಾಗಿ ಎಡಕ್ಕೆ ಕೆಟ್ಟ ಗುರುತು ಕಂಡರೆ ರಾಜನಿಗೆ ಒಳ್ಳೆಯ ಸುದ್ದಿ! ಯಕೃತ್ತಿನ ಮಣ್ಣಿನ ಮಾದರಿಗಳೂ ಇದ್ದವು. ಅಂಥದೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಇಟಲಿಯ ಎಟ್ರಸ್ಕನ್ನರೂ ಇದರಲ್ಲಿ ಪಳಗಿದವರು. 1877ರಲ್ಲಿ ಪಿಯಾಚೆಂಜಾ ಬಳಿ ಹೊಲ ಉಳುವಾಗ ಕಂಚಿನ ಯಕೃತ್ತೊಂದು ಸಿಕ್ಕಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅಂಚಿನ ಸುತ್ತ 16 ಮನೆಗಳು, ಅವುಗಳಲ್ಲಿ ದೇವತೆಗಳ ಹೆಸರು. ಎಟ್ರಸ್ಕನ್ನರು ಆಕಾಶವನ್ನು ಭಾಗ ಮಾಡುತ್ತಿದ್ದುದೂ 16ಕ್ಕೇ. ರೋಮಿನ ನಾಯಕ ಸೀಸರನಿಗೆ ಅಪಾಯದ ಮುನ್ಸೂಚನೆ ಕೊಟ್ಟ ಸ್ಪುರಿನ್ನಾ ಇದೇ ಕಸುಬಿನವನು.

ಹಾಗೆಂದು ರೋಮಿನಲ್ಲಿ ಎಲ್ಲರೂ ನಂಬಿದ್ದರೆಂದಲ್ಲ. ಇಂಥ ಜೋಯಿಸನೊಬ್ಬ ಇನ್ನೊಬ್ಬನನ್ನು ಕಂಡಾಗ ನಗು ಹೇಗೆ ತಡೆದುಕೊಳ್ಳುತ್ತಾನೋ ಎಂದು ರಾಜಕಾರಣಿ ಕೇಟೊ ಬೆರಗಾಗುತ್ತಿದ್ದನೆಂದು ವಾಗ್ಮಿ ಸಿಸೆರೊ ಬರೆದಿದ್ದಾನೆ. ಅಂದಹಾಗೆ, ಸಿಸೆರೊ ಸ್ವತಃ ಶಕುನ ನೋಡುವ ಸರ್ಕಾರಿ ಮಂಡಳಿಯ ಸದಸ್ಯ!