ಬೆಳಕನ್ನು ಹಿಡಿಯುವ ಹರಿತ್ತು, ಎಲೆಕ್ಟ್ರಾನನ್ನು ಬಿಡುವ ಹರಿತ್ತು

ಹರಿತ್ತಿನ ಅಣುವು ಬೆಳಕನ್ನು ಹೀರಿ ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆಂಬ ಒಂದೇ ವಾಕ್ಯದಲ್ಲಿ ದ್ಯುತಿಸಂಶ್ಲೇಷಣೆಯ ಪಾಠವನ್ನು ಮುಗಿಸುವುದುಂಟು. ಎಲೆಯ ಪ್ರತಿಯೊಂದು ಹರಿತ್ತಿನ ಅಣುವೂ ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆಂದು ವಿದ್ಯಾರ್ಥಿಯು ಆಗ ಸಹಜವಾಗಿಯೇ ಭಾವಿಸುತ್ತಾನೆ. ವಸ್ತುಸ್ಥಿತಿ ಬೇರೆಯೇ ಇದೆ.

1932ರಲ್ಲಿ ರಾಬರ್ಟ್ ಎಮರ್ಸನ್ ಮತ್ತು ವಿಲಿಯಂ ಆರ್ನಾಲ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ಕ್ಲೋರೆಲ್ಲ ಎಂಬ ಹಸಿರು ಶೈವಲದ ಮೇಲೆ ಕ್ಷಣಮಾತ್ರದ ಬೆಳಕನ್ನು ಹಾಯಿಸಿ ನೋಡಿದರು. ಬೆಳಕು ಎಷ್ಟೇ ಪ್ರಖರವಾಗಿದ್ದರೂ ಒಂದು ಮಿನುಗಿಗೆ ಸುಮಾರು 2,500 ಹರಿತ್ತಿನ ಅಣುಗಳಿಗೆ ಒಂದರಂತೆ ಮಾತ್ರ ಆಕ್ಸಿಜನ್ ಅಣು ದೊರೆಯಿತು. ಒಂದು ಆಕ್ಸಿಜನ್ ಅಣುವಿಗೆ ಕನಿಷ್ಠ 8 ಫೋಟಾನುಗಳು ಬೇಕೆಂಬುದು ಮುಂದೆ ಸ್ಪಷ್ಟವಾದಾಗ ಲೆಕ್ಕ ಸರಿಹೊಂದಿತು: ಸುಮಾರು 300 ಅಣುಗಳು ಒಂದು ಕ್ರಿಯಾಕೇಂದ್ರಕ್ಕಾಗಿ ದುಡಿಯುತ್ತವೆ.

ಈ ಅಣುಗಳಲ್ಲಿ ಬಹುಪಾಲಿನವುಗಳ ಕೆಲಸ ಬೆಳಕನ್ನು ಹಿಡಿದು ಮುಂದಕ್ಕೆ ದಾಟಿಸುವುದಷ್ಟೆ. ಅಣುವಿನಿಂದ ಅಣುವಿಗೆ ಸಾಗುವುದು ಶಕ್ತಿಯೇ ಹೊರತು ಎಲೆಕ್ಟ್ರಾನಲ್ಲ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮತ್ತೊಂದು ತಾನಾಗಿ ಕಂಪಿಸುವುದನ್ನು ಇಲ್ಲಿ ನೆನಪಿಸಬಹುದು. ತಂತಿ ಎಲ್ಲಿಗೂ ಹೋಗುವುದಿಲ್ಲ. ಅಣುಗಳನ್ನು ಪ್ರೋಟೀನು ತೀರ ಹತ್ತಿರದಲ್ಲಿ ಹಿಡಿದಿಟ್ಟಿರುವುದರಿಂದಲೇ ಇದು ಸಾಧ್ಯ. ಅವಸರವೂ ಇದೆ: ಉದ್ರಿಕ್ತ ಹರಿತ್ತು ತನ್ನ ಶಕ್ತಿಯನ್ನು ಕೆಲವೇ ನ್ಯಾನೊಸೆಕೆಂಡುಗಳಷ್ಟು ಕಾಲ ಮಾತ್ರ ಉಳಿಸಿಕೊಳ್ಳಬಲ್ಲದು.

ಎಲೆಕ್ಟ್ರಾನಿನ ಪಯಣ ಮೊದಲಾಗುವುದು ಕ್ರಿಯಾಕೇಂದ್ರದಲ್ಲಿ. ಎರಡನೆಯ ದ್ಯುತಿವ್ಯವಸ್ಥೆಯ ವಿಶೇಷ ಹರಿತ್ತು ಪಕ್ಕದ ಗ್ರಾಹಕಕ್ಕೆ ಎಲೆಕ್ಟ್ರಾನನ್ನು ಕೊಡುತ್ತದೆ. ಆ ಕೊರತೆಯನ್ನು ನೀರು ತುಂಬುತ್ತದೆ. ಹೀಗೆ ನಾಲ್ಕು ಬಾರಿ ನಡೆದಾಗ ಆಕ್ಸಿಜನ್ನಿನ ಒಂದು ಅಣು ಹೊರಬರುತ್ತದೆ. ಎಲೆಕ್ಟ್ರಾನು ವಾಹಕಗಳ ಸಾಲನ್ನು ದಾಟಿ ಮೊದಲನೆಯ ದ್ಯುತಿವ್ಯವಸ್ಥೆಯನ್ನು ಸೇರಿ, ಅಲ್ಲಿ ಮತ್ತೊಮ್ಮೆ ಬೆಳಕಿನ ಬಲ ಪಡೆದು ಎನ್‌ಎಡಿಪಿಯನ್ನು ಮುಟ್ಟುತ್ತದೆ. ಸಂಖ್ಯೆಗಳು ಪಯಣದ ಕ್ರಮವನ್ನಲ್ಲ, ಸಂಶೋಧನೆಯ ಕ್ರಮವನ್ನು ಹೇಳುತ್ತವೆಂಬುದನ್ನು ಮೊದಲೇ ತಿಳಿಸುವುದು ಲೇಸು.

ಈ ಭೇದವನ್ನು ತೋರಿಸಲು ಪ್ರಯೋಗಾಲಯವೇ ಬೇಕಿಲ್ಲ. ಪಾಲಕ್ ಸೊಪ್ಪನ್ನು ಜಜ್ಜಿ, ಸರ್ಜಿಕಲ್ ಸ್ಪಿರಿಟಿನಲ್ಲಿ ಕಲಕಿ ಸೋಸಬೇಕು; ಸ್ಪಿರಿಟಿನ ಬಳಿ ಬೆಂಕಿ ಕೂಡದು. ಕತ್ತಲಕೋಣೆಯಲ್ಲಿ ಆ ಹಸಿರು ದ್ರಾವಣಕ್ಕೆ ಪ್ರಖರ ಟಾರ್ಚು ಹಿಡಿದು ಪಕ್ಕದಿಂದ ನೋಡಿದರೆ ಅದು ಕೆಂಪಾಗಿ ಹೊಳೆಯುತ್ತದೆ. ಹರಿತ್ತು ಬೆಳಕನ್ನು ಹೀರಿದೆ, ಆದರೆ ಶಕ್ತಿಯನ್ನು ಕೊಡಲು ಕ್ರಿಯಾಕೇಂದ್ರವಿಲ್ಲ; ಅದರ ಒಂದು ಪಾಲು ಕೆಂಬೆಳಕಾಗಿ ಹಿಂದಿರುಗುತ್ತಿದೆ. ಅದೇ ಟಾರ್ಚನ್ನು ಇಡೀ ಎಲೆಗೆ ಹಿಡಿದಾಗ ಆ ಕೆಂಪು ಏಕೆ ಕಾಣದೆಂದು ವಿದ್ಯಾರ್ಥಿಗಳನ್ನೇ ಕೇಳಬೇಕು.